ನೋವು ಕೈಯಲ್ಲಿ, ತಪ್ಪು ಸೀಟಿನಲ್ಲಿ

11 ವರ್ಷ ಬೈಕು ಮುಟ್ಟಿರಲಿಲ್ಲ. ಹಳೇ ಗಾಡಿ ಮಾರಿದಾಗ ನನಗೆ 33. ಮತ್ತೆ ಕೊಳ್ಳಬೇಕು ಅನ್ನೋ ಹುಚ್ಚು ಹತ್ತಿದಾಗ 44. ಈ ನಡುವೆ ಬೈಕುಗಳು ತುಂಬಾ ಬದಲಾಗಿವೆ ಅಂತ ಗೊತ್ತಿತ್ತು. ನನ್ನ ಸೊಂಟ, ಮಂಡಿ, ಮಣಿಕಟ್ಟು ಕೂಡ ಬದಲಾಗಿವೆ ಅನ್ನೋದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆರಿಸುವಾಗ ನಾನು ಮಾಡಿದ ಒಂದು ಒಳ್ಳೇ ಕೆಲಸ ಅಂದರೆ, ಷೋರೂಮಿಗೆ ಹೋಗುವ ಮೊದಲೇ ಕಾಲಿನ ಉದ್ದ ಅಳೆದುಕೊಂಡಿದ್ದು. ನೆತ್ತಿಯವರೆಗಿನ ಎತ್ತರ ಅಲ್ಲ, ತೊಡೆಸಂದಿನಿಂದ ನೆಲದವರೆಗಿನ ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಟೇಪು ಹಿಡಿದರೆ 75 ಸೆಂಟಿಮೀಟರ್. ಬೂಟಿನ ಅಟ್ಟೆ 3 ಸೆಂಟಿಮೀಟರ್ ಸೇರಿಸಿದರೆ 78. ಆ ಗೆರೆ ಇನ್ನೂ ಗೋಡೆ ಮೇಲೆ ಇದೆ. ಮಗು ಬೆಳೆದ ಲೆಕ್ಕ ಬರೆದ ಹಾಗೆ ಕಾಣುತ್ತೆ.

ಈ 78ನ್ನು ಹಿಡಿದುಕೊಂಡು ಬೈಕುಗಳ ವಿವರ ಓದೋಕೆ ಕೂತೆ. ಸೀಟಿನ ಎತ್ತರದಲ್ಲೇ ಎಷ್ಟೊಂದು ಅಂತರ! ಹೋಂಡಾ ರೆಬೆಲ್ 500ರ ಸೀಟು ನೆಲದಿಂದ 690 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 805. ಮೊದಲ ತಲೆಮಾರಿನ ಕೆಟಿಎಂ 390 ಅಡ್ವೆಂಚರ್‌ದು 855. ಅಂದರೆ ತಗ್ಗಿನದಕ್ಕೂ ಎತ್ತರದ್ದಕ್ಕೂ ಮುಕ್ಕಾಲು ಗೇಣಿನ ಹತ್ತಿರ ವ್ಯತ್ಯಾಸ. 780ಕ್ಕಿಂತ ಮೇಲಿನದೆಲ್ಲ ನನಗಲ್ಲ ಅಂತ ಗೀಟು ಹಾಕಿಬಿಟ್ಟೆ. ಅದು ತಪ್ಪು ಅಂತ ಗೊತ್ತಾಗಿದ್ದು ಹತ್ತಿ ಕೂತ ಮೇಲೆ.

ಕಾಗದದ ಮೇಲಿನ ಎತ್ತರ ಖಾಲಿ ಗಾಡಿಯದ್ದು. ಮೇಲೆ ಮನುಷ್ಯ ಕೂತರೆ ಸ್ಪ್ರಿಂಗು ಕುಗ್ಗಿ ಗಾಡಿ ಕೆಳಗೆ ಇಳಿಯುತ್ತೆ. ಅದು ಒಂದು. ಇನ್ನೊಂದು, ಸೀಟಿನ ಅಗಲ. ಟ್ಯಾಂಕಿನ ಹತ್ತಿರ ಸೀಟು ಸಣ್ಣಗಿದ್ದರೆ ಕಾಲು ನೆಟ್ಟಗೆ ನೆಲಕ್ಕೆ ಇಳಿಯುತ್ತೆ. ಅಗಲವಾಗಿದ್ದರೆ ತೊಡೆ ಅಕ್ಕಪಕ್ಕಕ್ಕೆ ಹರಡಿಕೊಂಡು ಅದೇ ಕಾಲು ಗಿಡ್ಡವಾಗುತ್ತೆ. 790ರ ಅಗಲ ಸೀಟಿನ ಮೇಲೆ ನಾನು ತುದಿಗಾಲಲ್ಲಿ ನಿಂತೆ. 810ರ ಕಿರಿದಾದ ಸೀಟಿನ ಮೇಲೆ ಪಾದದ ಮುಂಭಾಗ ಪೂರ್ತಿ ಊರಿತು. ಹೀಗಾಗಿ ಗೀಟು ಹಾಕಿದ್ದ ಪಟ್ಟಿಯನ್ನು ಹರಿದು ಹಾಕಿ, ಮೊದಲಿನಿಂದ ಶುರು ಮಾಡಿದೆ.

ಎರಡು ವಾರದಲ್ಲಿ ಏಳೆಂಟು ಗಾಡಿ ಹತ್ತಿ ಇಳಿದೆ. ಎಲ್ಲದರ ಕಥೆ ಹೇಳಲ್ಲ. ತಗ್ಗು ಸೀಟಿನ ಒಂದು ಕ್ರೂಸರ್ ಮೇಲೆ ಕೂತಾಗ ಸಿಂಹಾಸನ ಅನ್ನಿಸಿತು. ಎರಡೂ ಪಾದ ಚಪ್ಪಟೆಯಾಗಿ ನೆಲಕ್ಕೆ. ಆದರೆ ಓಡಿಸುವಾಗ ಕಾಲು ಮುಂದಕ್ಕೆ ಚಾಚಿರಬೇಕು. ಗುಂಡಿ ಬಂದಾಗ ಕಾಲ ಮೇಲೆ ಭಾರ ಹಾಕಿ ಸ್ವಲ್ಪ ಎದ್ದುಕೊಳ್ಳೋಣ ಅಂದರೆ ಆಗಲ್ಲ. ಪ್ರತಿ ಕುಲುಕಾಟವೂ ನೆಟ್ಟಗೆ ಬಾಲದ ಮೂಳೆಗೆ. ಇದಕ್ಕೆ ಪೂರ್ತಿ ಉಲ್ಟಾ ಒಂದು ಸ್ಪೋರ್ಟ್ಸ್ ಬೈಕು. ಹ್ಯಾಂಡಲ್ ತಗ್ಗು, ಫುಟ್‌ರೆಸ್ಟ್ ಮೇಲೆ ಮತ್ತು ಹಿಂದೆ. ವೇಗವಾಗಿ ಹೋಗುವಾಗ ಎದೆಗೆ ಬಡಿಯುವ ಗಾಳಿ ಮೈಯನ್ನು ಸ್ವಲ್ಪ ಎತ್ತಿ ಹಿಡಿಯುತ್ತೆ, ಆಗ ಪರವಾಗಿಲ್ಲ. ಟ್ರಾಫಿಕ್ಕಿನಲ್ಲಿ ಆ ಗಾಳಿ ಎಲ್ಲಿ? ಅರ್ಧ ಮೈ ಭಾರ ಮಣಿಕಟ್ಟಿನ ಮೇಲೆ.

ಕೊನೆಗೆ ಗೊತ್ತಾಗಿದ್ದು ಇಷ್ಟು. ಬೈಕು ನಮ್ಮ ಮೈಯನ್ನು ಮೂರು ಕಡೆ ಹಿಡಿದುಕೊಳ್ಳುತ್ತೆ. ಸೀಟು, ಹ್ಯಾಂಡಲ್, ಫುಟ್‌ರೆಸ್ಟ್. ಈ ಮೂರರ ನಡುವಿನ ದೂರ ನಮ್ಮ ಮೈಗೆ ಹೊಂದಬೇಕು. ಎಂಜಿನ್ ಎಷ್ಟು ಸಿಸಿ, ಮೀಟರ್ ಪರದೆ ಎಷ್ಟು ದೊಡ್ಡದು ಎಲ್ಲ ಆಮೇಲೆ.

ನಾನು ಮಾಡಿಕೊಂಡ ಒಂದು ಪರೀಕ್ಷೆ ತುಂಬಾ ಉಪಯೋಗಕ್ಕೆ ಬಂತು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇಲ್ಲ ಅಂದರೆ ಯಾರನ್ನಾದರೂ ಹಿಡಿದುಕೊಳ್ಳೋಕೆ ಹೇಳಿ, ಎರಡೂ ಕಾಲು ಫುಟ್‌ರೆಸ್ಟ್ ಮೇಲೆ ಇಟ್ಟು ಓಡಿಸುವ ಭಂಗಿಯಲ್ಲೇ ಕೂತು ಹ್ಯಾಂಡಲ್‌ನಿಂದ ಕೈ ಬಿಡೋದು. ಮುಂದಕ್ಕೆ ಬೀಳದೆ ಸಲೀಸಾಗಿ ಕೂರೋಕೆ ಆದರೆ ಭಾರ ಕೈ ಮೇಲೆ ಇಲ್ಲ ಅಂತ ಅರ್ಥ. ತಕ್ಷಣ ಟ್ಯಾಂಕಿಗೆ ಕೈ ಊರಬೇಕು ಅನ್ನಿಸಿದರೆ ಆ ಭಾರವನ್ನು ದಿನವಿಡೀ ಮಣಿಕಟ್ಟು ಹೊರಬೇಕು. ಇನ್ನೊಂದು ಪರೀಕ್ಷೆ ಮಾಡುವಾಗ ಮಾರುವವರು ವಿಚಿತ್ರವಾಗಿ ನೋಡುತ್ತಾರೆ. ಗಾಡಿ ಮೇಲೆ ಕೂತೇ ಸಣ್ಣ ಏರಿನಲ್ಲಿ ಅದನ್ನು ಹಿಂದಕ್ಕೆ ತಳ್ಳೋದು. 190 ಕಿಲೋ ಅಂತ ಓದೋದು ಬೇರೆ, ಪಾದದ ತುದಿಯಿಂದ 190 ಕಿಲೋ ತಳ್ಳೋದು ಬೇರೆ.

ಟೆಸ್ಟ್ ರೈಡ್ ಅಂತ ಕೊಡೋದು ಹತ್ತು ಹದಿನೈದು ನಿಮಿಷ. ಆ ಹೊತ್ತಿಗೆ ಮದುಮಗನ ಹಾಗೆ ಎಲ್ಲ ಗಾಡಿಯೂ ಚೆನ್ನಾಗೇ ನಡೆದುಕೊಳ್ಳುತ್ತೆ. ನೋವು ಶುರುವಾಗೋದು ಮುಕ್ಕಾಲು ಗಂಟೆ ಆದ ಮೇಲೆ. ಅದಕ್ಕೇ ಕೊನೆಗೆ ಉಳಿದ ಎರಡರಲ್ಲಿ ಒಂದನ್ನು ಒಂದು ದಿನ ಬಾಡಿಗೆಗೆ ತೆಗೆದುಕೊಂಡೆ. ಎತ್ತರದ ಅಡ್ವೆಂಚರ್ ಗಾಡಿ. ಓಡುವಾಗ ಸ್ವರ್ಗ. ನಿಲ್ಲಿಸುವಾಗ ಪ್ರತಿ ಸಲ ಎಡಗಾಲು ಎಲ್ಲಿ ಊರಲಿ ಅಂತ ನೆಲ ಹುಡುಕಬೇಕು. ಸಂಜೆ ಹೊತ್ತಿಗೆ ಸಿಗ್ನಲ್ ಕಂಡರೆ ಸಾಕು, ಹೊಟ್ಟೆಯಲ್ಲಿ ಕಳವಳ. ಬಾಡಿಗೆ ದುಡ್ಡು ಸುಮ್ನೆ ಹೋಗಲಿಲ್ಲ ಅಂದುಕೊಂಡು, 800 ಮಿಲಿಮೀಟರ್ ಸೀಟಿನ, ಎರಡು ಸಿಲಿಂಡರಿನ, ನೆಟ್ಟಗೆ ಕೂರಿಸುವ ಸಾದಾ ರೋಡ್‌ಸ್ಟರ್ ಒಂದನ್ನು ಕೊಂಡೆ.

ಇಲ್ಲಿಗೆ ಕೆಲಸ ಮುಗೀತು ಅಂದುಕೊಂಡಿದ್ದೆ.

ಮೊದಲ ದೂರದ ಓಡಾಟ 180 ಕಿಲೋಮೀಟರ್. ಮನೆಗೆ ಬಂದು ಗಾಡಿಯಿಂದ ಇಳಿದವನು ಐದು ನಿಮಿಷ ಅದಕ್ಕೇ ಒರಗಿ ನಿಂತೆ. ಬಲಗೈ ಜೋಮು. ಎಡ ಪಾದದ ಮೇಲ್ಭಾಗದಲ್ಲಿ ಸೆಳೆತ. ಕೂರುವ ಜಾಗದ ಬಗ್ಗೆ ಹೇಳೋದೇ ಬೇಡ, ಎರಡು ದಿನ ದಿಂಬು ಹಾಕಿಕೊಂಡು ಕೂತೆ. ಇಷ್ಟೆಲ್ಲ ಹುಡುಕಿ ತಪ್ಪು ಗಾಡಿ ತಂದೆನಲ್ಲ ಅಂತ ಬೇಜಾರಾಯ್ತು.

ಬೇಜಾರಿನಲ್ಲಿ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಸಾಮಾನು ಕೊಂಡೆ. ಸೀಟಿನ ಮೇಲೆ ಕಟ್ಟುವ ಜೆಲ್ ದಿಂಬು ಒಂದು, ಹ್ಯಾಂಡಲ್ ಅನ್ನು 25 ಮಿಲಿಮೀಟರ್ ಎತ್ತುವ ರೈಸರುಗಳ ಒಂದು ಜೋಡಿ. ಎರಡನ್ನೂ ಒಂದೇ ಭಾನುವಾರ ಹಾಕಿದೆ.

ದಿಂಬು ಮೆತ್ತಗಿತ್ತು, ಸರಿ. ಆದರೆ ಅದು ನನ್ನನ್ನು 2 ಸೆಂಟಿಮೀಟರ್ ಮೇಲೆತ್ತಿತ್ತು, ಸೀಟನ್ನು ಅಗಲವೂ ಮಾಡಿತ್ತು. ಮೂರನೇ ದಿನ ಸ್ವಲ್ಪ ಇಳಿಜಾರಿನ ಜಾಗದಲ್ಲಿ ನಿಲ್ಲಿಸಿ ಎಡಗಾಲು ಕೆಳಗಿಟ್ಟೆ. ನೆಲ ಇರಬೇಕಾದ ಕಡೆ ಇರಲಿಲ್ಲ. ಬೈಕು ನಿಧಾನಕ್ಕೆ ವಾಲಿತು. ಒಂದು ಹಂತದವರೆಗೆ ಹಿಡಿದುಕೊಳ್ಳಬಹುದು ಅನ್ನಿಸುತ್ತೆ, ಆ ಹಂತ ದಾಟಿದ ಮೇಲೆ ಭೀಮನೇ ಬಂದರೂ ಆಗಲ್ಲ. ನಾನು ಪಕ್ಕಕ್ಕೆ ಹಾರಿಕೊಂಡೆ. ನನಗೇನೂ ಆಗಲಿಲ್ಲ. ಕ್ಲಚ್ ಲಿವರ್ ಬಾಳೆಹಣ್ಣಿನ ಹಾಗೆ ಬಾಗಿತು. ದಿಂಬು ಅವತ್ತೇ ಅಟ್ಟ ಸೇರಿತು.

ರೈಸರ್ ಕಥೆ ಇನ್ನೂ ಅಪಾಯದ್ದು. ಹಾಕಿದ ಮೇಲೆ ಅಂಗಳದಲ್ಲಿ ಗಾಡಿ ತಿರುಗಿಸುತ್ತಿದ್ದೆ. ಎಂಜಿನ್ ಓಡುತ್ತಿತ್ತು, ನ್ಯೂಟ್ರಲ್‌ನಲ್ಲಿ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿದ ಕೂಡಲೇ ಎಂಜಿನ್ ತಾನಾಗೇ ಗುರ್ರ್ ಅಂತು. ನಾನು ಆಕ್ಸಿಲರೇಟರ್ ಮುಟ್ಟಿಯೇ ಇರಲಿಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸುವ ಮುಳ್ಳು 1300ರಿಂದ 2500ಕ್ಕೆ ಹೋಗಿತ್ತು. ಹ್ಯಾಂಡಲ್ ನೆಟ್ಟಗೆ ಮಾಡಿದರೆ ಇಳಿಯಿತು. ಮತ್ತೆ ಎಡಕ್ಕೆ, ಮತ್ತೆ ಗುರ್ರ್. ಹ್ಯಾಂಡಲ್ ಮೇಲೆ ಹೋದ ಹಾಗೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿತ್ತು. ತಿರುಗಿಸಿದಾಗ ಆ ಬಿಗಿಯೇ ಕೇಬಲ್ ಎಳೆಯುತ್ತಿತ್ತು. ಇದೇ ಆಟ ಗೇರಿನಲ್ಲಿ, ರಸ್ತೆ ಮಧ್ಯೆ ಯೂ ಟರ್ನ್ ಹೊಡೆಯುವಾಗ ಆಗಿದ್ದರೆ? ಅವತ್ತೇ ಬಿಚ್ಚಿದೆ. ರೈಸರ್ ಹಾಕಲೇಬೇಕು ಅನ್ನುವವರು ಎಂಜಿನ್ ಚಾಲೂ ಇಟ್ಟು, ಈ ತುದಿಯಿಂದ ಆ ತುದಿಗೆ ಹ್ಯಾಂಡಲ್ ತಿರುಗಿಸಿ ಕೇಳಿಸಿಕೊಳ್ಳಿ. ಬ್ರೇಕ್ ಪೈಪನ್ನೂ ನೋಡಿ. ಎರಡೂ ತುದಿಯಲ್ಲಿ ಅದು ಸ್ವಲ್ಪ ಸಡಿಲವಾಗೇ ಇರಬೇಕು.

ಕೈ ಜೋಮಿಗೆ ಔಷಧಿ ಕೇಳೋಣ ಅಂತ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಫಿಸಿಯೋಥೆರಪಿ ಮಾಡುತ್ತಾಳೆ. ಬೈಕಿನ ಗಂಧಗಾಳಿ ಇಲ್ಲ.

"ಯಾವ ಬೆರಳು ಕಣೋ?" ಅಂದಳು.

"ಕೈಯೇ ಜೋಮು ಅಕ್ಕಾ."

"ಕೈಯೆಲ್ಲ ಜೋಮು ಹಿಡಿಯಲ್ಲ. ಮುಂದಿನ ಸಲ ಹೋದಾಗ ಯಾವ ಬೆರಳು ಅಂತ ನೋಡ್ಕೊಂಡು ಬಾ. ಎಷ್ಟು ಹೊತ್ತಿಗೆ ಶುರುವಾಯ್ತು ಅಂತಾನೂ ಬರ್ಕೋ. ಏನೇನೋ ತಗೊಂಡು ಬರಬೇಡ."

ಏನೇನೋ ತಂದಾಗಿತ್ತು ಅಂತ ಹೇಳಲಿಲ್ಲ.

ಮುಂದಿನ ಓಡಾಟಕ್ಕೆ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇತ್ತು. 35 ಕಿಲೋಮೀಟರಿಗೆ ಕಿರುಬೆರಳು, ಅದರ ಪಕ್ಕದ ಉಂಗುರ ಬೆರಳು. 60ಕ್ಕೆ ಅಂಗೈಯ ಹೊರ ಅಂಚು. ಹೆಬ್ಬೆರಳು, ತೋರುಬೆರಳು ಸರಿಯಾಗೇ ಇದ್ದವು. ಅಕ್ಕನಿಗೆ ಓದಿ ಹೇಳಿದೆ. ಅವಳು ವಿವರಿಸಿದಳು. ಕಿರುಬೆರಳಿನ ಕಡೆಗೆ ಹೋಗುವ ನರ ಬೇರೆ, ಹೆಬ್ಬೆರಳಿನ ಕಡೆಯದ್ದು ಬೇರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಮಣಿಕಟ್ಟು ಬಾಗಿರೋದು ಕಾರಣ ಇರಬಹುದು. ಕಿರುಬೆರಳಿನ ಕಡೆ ಆದರೆ ಸಾಮಾನ್ಯವಾಗಿ ಅಂಗೈಯ ಬುಡದ ಹೊರ ಅಂಚಿನ ಮೇಲೆ ಭಾರ ಬಿದ್ದಿರುತ್ತೆ.

"ನೀನು ಕೈ ಮೇಲೆ ಒರಗಿ ಕೂತಿದ್ದೀಯ. ಯಾಕೆ ಅಂತ ನೋಡು," ಅಂದಳು.

ಷೋರೂಮಿನಲ್ಲಿ ಕೈ ಬಿಟ್ಟು ಕೂತು ನೋಡಿದ್ದೆನಲ್ಲ, ಆಗ ಸರಿಯಾಗೇ ಇತ್ತು. ಓಡಿಸುವಾಗ ಯಾಕೆ ಒರಗುತ್ತಿದ್ದೇನೆ? ಇದಕ್ಕೆ ಉತ್ತರ ಸಿಗೋಕೆ ಇನ್ನೂ ಒಂದು ತಿಂಗಳು ಬೇಕಾಯ್ತು. ಆದರೆ ಆ ಒಂದು ತಿಂಗಳಲ್ಲಿ ದುಡ್ಡು ಖರ್ಚು ಮಾಡದೆ ಮಾಡಬಹುದಾದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ 60 ಕಿಲೋಮೀಟರಿನ ರಸ್ತೆ, ಆಮೇಲೆ ನೋಟ್‌ಬುಕ್.

ಮೊದಲು ಗಾಳಿ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಗೇಜ್ ಹಿಡಿದರೆ ಹಿಂದಿನ ಚಕ್ರದಲ್ಲಿ ಕಂಪನಿ ಹೇಳಿದ್ದಕ್ಕಿಂತ 9 ಪಿಎಸ್‌ಐ ಜಾಸ್ತಿ ಇತ್ತು. ಡೆಲಿವರಿ ಕೊಡುವಾಗ ಯಾರೋ ಧಾರಾಳವಾಗಿ ತುಂಬಿದ್ದರು. ಇಷ್ಟು ದಿನ ಸೀಟನ್ನು ಬೈಯುತ್ತಿದ್ದೆ. ಗಾಳಿ ಇಳಿಸಿದ ಮೇಲೆ ಸಣ್ಣ ಸಣ್ಣ ಗುಂಡಿಗಳ ಚೂಪು ಹೋಯಿತು. ಗಾಡಿ ತುಂಬಾ ಹೊತ್ತು ಓಡಿದ ಮೇಲೆ ಅಳೆದರೆ ಟೈರು ಬಿಸಿಯಾಗಿ ಜಾಸ್ತಿಯೇ ತೋರಿಸುತ್ತೆ. ಅದಕ್ಕೇ ಬೆಳಿಗ್ಗೆ.

ಆಮೇಲೆ ಲಿವರುಗಳು. ಬ್ರೇಕು, ಕ್ಲಚ್ಚು ಎರಡೂ ಲಿವರ್ ಹೆಚ್ಚು ಕಡಿಮೆ ನೆಲಕ್ಕೆ ಸಮವಾಗಿ ಇದ್ದವು. ಬೆರಳು ಚಾಚಬೇಕಾದರೆ ಮಣಿಕಟ್ಟು ಮೇಲಕ್ಕೆ ಮಡಚಬೇಕಿತ್ತು. ಕ್ಲಾಂಪಿನ ಎರಡು ಬೋಲ್ಟು ಸಡಿಲ ಮಾಡಿದೆ. ಗಾಡಿ ಮೇಲೆ ಕೂತು ಕಣ್ಣು ಮುಚ್ಚಿ, ಹಿಡಿ ಹಿಡಿದು ಬೆರಳು ಸುಮ್ನೆ ಚಾಚಿದೆ. ಬೆರಳು ಎಲ್ಲಿಗೆ ಹೋಯಿತೋ ಲಿವರನ್ನು ಅಲ್ಲಿಗೆ ತಂದೆ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು, ಅಷ್ಟೇ. ಒಂದು ಬೆರಳಿನ ಅಗಲದಷ್ಟು ಕೆಳಗೆ ಬಂತು. ಬ್ರೇಕ್ ಲಿವರಿನ ಬುಡದಲ್ಲಿ ನಂಬರ್ ಕೆತ್ತಿದ ಸಣ್ಣ ಚಕ್ರ ಇತ್ತು. ಲಿವರ್ ಹಿಡಿಯಿಂದ ಎಷ್ಟು ದೂರ ಇರಬೇಕು ಅಂತ ಅದರಲ್ಲಿ ಹೊಂದಿಸೋದು. ನನ್ನ ಬೆರಳು ಗಿಡ್ಡ. ಎರಡು ನಂಬರ್ ಹತ್ತಿರ ತಂದೆ. ಐದು ನಿಮಿಷದ ಕೆಲಸ. ಮುಂಗೈ ನೋವು ಅವತ್ತೇ ಹೋಯಿತು. ಕಿರುಬೆರಳ ಜೋಮು ಹಾಗೇ ಇತ್ತು.

ಮೂರನೆಯದು ಎಡ ಪಾದ. ಗೇರ್ ಲಿವರಿನ ಕೆಳಗೆ ಬೂಟು ತೂರಿಸೋಕೆ ಪಾದವನ್ನು ಬ್ಯಾಲೆ ನರ್ತಕಿಯ ಹಾಗೆ ಚಾಚಬೇಕಿತ್ತು. ಕಂಪನಿಯವರು ಇದನ್ನು ಹೊಂದಿಸುವಾಗ ತೆಳು ಶೂ ಹಾಕಿದ್ದರೋ ಏನೋ. ಲಿವರಿನಿಂದ ಎಂಜಿನ್‌ಗೆ ಒಂದು ಕಡ್ಡಿ ಹೋಗುತ್ತೆ. ಅದರ ಎರಡೂ ತುದಿಯಲ್ಲಿ ಲಾಕ್ ನಟ್ಟು. ಎರಡನ್ನೂ ಸಡಿಲಿಸಿ ನಡುವಿನ ಕಡ್ಡಿ ತಿರುಗಿಸಿದರೆ ಲಿವರ್ ಮೇಲೆ ಕೆಳಗೆ ಆಗುತ್ತೆ. ಕೇಳೋಕೆ ಸುಲಭ. ಒಂದು ನಟ್ಟು ಬಿಚ್ಚಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಪಾನಾ ಜಾರಿ ನಟ್ಟಿನ ಮೂಲೆ ಸವೆಯೋ ಹಂತಕ್ಕೆ ಬಂದಾಗ ತಲೆಗೆ ಹೊಳೆಯಿತು, ಒಂದು ತುದಿ ಎಡ ಮರೆ, ಅಂದರೆ ಅದರ ತಿರುಪು ಉಲ್ಟಾ ಕಡೆಗೆ. ಎರಡು ತುದಿಗೂ ಒಂದೇ ಕಡೆ ಮರೆ ಇದ್ದರೆ ಕಡ್ಡಿ ತಿರುಗಿಸಿದಾಗ ಉದ್ದವೇ ಬದಲಾಗಲ್ಲವಲ್ಲ. ನಾನು ಬಿಚ್ಚುತ್ತಿದ್ದೇನೆ ಅಂದುಕೊಂಡು ಅರ್ಧ ಗಂಟೆ ಬಿಗಿ ಮಾಡುತ್ತಿದ್ದೆ.

ಲಿವರಿನ ತುದಿ 12 ಮಿಲಿಮೀಟರ್ ಮೇಲೆ ಬಂತು. ಪಾದದ ಸೆಳೆತ ಆಮೇಲೆ ಬರಲೇ ಇಲ್ಲ. ಬಲಗಡೆ ಹಿಂದಿನ ಬ್ರೇಕಿನ ಪೆಡಲನ್ನೂ ಸ್ವಲ್ಪ ಇಳಿಸಿದೆ. ಅಲ್ಲಿ ಒಂದು ಎಚ್ಚರ. ಪೆಡಲ್ ಸರಿಸಿದರೆ ಬ್ರೇಕ್ ಲೈಟು ಹತ್ತುವ ಜಾಗವೂ ಸರಿಯುತ್ತೆ. ನನ್ನದು ಸದಾ ಉರಿಯುತ್ತಲೇ ಇತ್ತು, ಹಿಂದೆ ಬಂದವರು ಹೇಳಿದ ಮೇಲೆ ಸ್ವಿಚ್ ಸರಿ ಮಾಡಿದೆ. ಅಂದಹಾಗೆ ಗೇರು ಎಡಗಾಲಿಗೆ ಅನ್ನೋದು ಹಿಂದಿನಿಂದ ಬಂದ ನಿಯಮ ಅಲ್ಲ. ಹಳೇ ಬ್ರಿಟಿಷ್ ಬೈಕುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಅಮೆರಿಕ ಎಡಗಡೆಯೇ ಇರಬೇಕು ಅಂತ ನಿಯಮ ಮಾಡಿದ ಮೇಲೆ ಎಲ್ಲರೂ ಅದಕ್ಕೆ ಬಂದರು. ಅಂಥ ಹಳೇ ಗಾಡಿ ಓಡಿಸುವವರ ಪಾದದ ಗೋಳು ಬಲಗಡೆ ಇರುತ್ತೇನೋ.

ಈಗ ಉಳಿದಿದ್ದು ಎರಡು. ಕೂರುವ ಜಾಗ, ಕಿರುಬೆರಳು. ಒಂದಕ್ಕೊಂದು ಸಂಬಂಧ ಇದೆ ಅಂತ ಆಗ ನನಗೆ ಅನ್ನಿಸಿರಲೇ ಇಲ್ಲ.

ದೊಡ್ಡ ಗುಂಡಿಗೆ ಬಿದ್ದಾಗ ಹಿಂದಿನಿಂದ ಧಡ್ ಅಂತ ಸುತ್ತಿಗೆ ಏಟು. ಸ್ಪ್ರಿಂಗು ಗಟ್ಟಿ ಇದೆ, ಮೆತ್ತಗೆ ಮಾಡಬೇಕು ಅಂದುಕೊಂಡೆ. ಗುರುತಿನ ಮೆಕ್ಯಾನಿಕ್ ಒಬ್ಬರಿಗೆ ಹೇಳಿದರೆ ನಕ್ಕರು. "ಅಳೆದು ನೋಡಿ ಸಾರ್. ಗಟ್ಟಿ ಅಲ್ಲ, ಕುಸಿದು ಕೂತಿರಬೇಕು," ಅಂದರು.

ಅಳೆಯೋಕೆ ಮೂರು ಜನ ಬೇಕು. ಒಬ್ಬರು ಗಾಡಿ ಹಿಡಿಯೋಕೆ, ಒಬ್ಬರು ಟೇಪು ಹಿಡಿಯೋಕೆ, ಮೂರನೆಯವನು ಮೇಲೆ ಕೂರೋಕೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಸ್ಪ್ರಿಂಗು ಪೂರ್ತಿ ಚಾಚಿದಾಗ ಚಕ್ರದ ಅಚ್ಚಿನಿಂದ ನೆಟ್ಟಗೆ ಮೇಲೆ, ಸೀಟಿನ ಕೆಳಗೆ ಅಂಟಿಸಿದ ಟೇಪಿನ ಚೂರಿನವರೆಗೆ 572 ಮಿಲಿಮೀಟರ್. ನಾನು ಹೆಲ್ಮೆಟ್ಟು, ಜಾಕೆಟ್ಟು, ಬೂಟು ಎಲ್ಲ ಹಾಕಿಕೊಂಡು ಕೂತಾಗ 518. ಅಂದರೆ 54 ಇಳಿದಿತ್ತು. ಆ ಗಾಡಿಯ ಹಿಂದಿನ ಚಕ್ರ ಒಟ್ಟು ಕುಗ್ಗುವುದೇ 125 ಮಿಲಿಮೀಟರ್. ಸವಾರ ಕೂತಾಗ ಅದರಲ್ಲಿ ಮೂರನೇ ಒಂದು ಭಾಗ, ಸುಮಾರು 40, ಇಳಿದರೆ ಸರಿ. ನಾನು ಕೂತ ಕೂಡಲೇ ಅರ್ಧದ ಹತ್ತಿರ ಖರ್ಚಾಗುತ್ತಿತ್ತು. ಗುಂಡಿ ಬಂದಾಗ ಕುಗ್ಗೋಕೆ ಜಾಗ ಸಾಲದೆ ಸ್ಪ್ರಿಂಗು ಕೊನೆಯ ತಡೆಗೆ ಹೋಗಿ ಬಡಿಯುತ್ತಿತ್ತು. ನಾನು ಗಟ್ಟಿ ಅಂದುಕೊಂಡಿದ್ದು ಅದನ್ನು.

ಇದನ್ನು ಸರಿ ಮಾಡೋದು ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಡಬೇಕು ಅನ್ನೋ ಹೊಂದಾಣಿಕೆ. ಅದು ಸ್ಪ್ರಿಂಗನ್ನು ಗಟ್ಟಿ ಮಾಡುತ್ತೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಸ್ಪ್ರಿಂಗಿನ ಗುಣ ಬದಲಾಗಲ್ಲ. ನಮ್ಮ ಭಾರಕ್ಕೆ ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನೋದಷ್ಟೇ ಬದಲಾಗೋದು. ಗಾಡಿ ಜೊತೆ ಕೊಟ್ಟಿದ್ದ ಕೊಕ್ಕೆ ಪಾನಾದಿಂದ ಮೆಟ್ಟಿಲಿನಂಥ ಉಂಗುರವನ್ನು ಎರಡನೇ ಮೆಟ್ಟಿಲಿನಿಂದ ಐದಕ್ಕೆ ತಿರುಗಿಸಿದೆ. ಮತ್ತೆ ಅಳತೆ. 531. ಅಂದರೆ ಇಳಿತ 41. ಗುಂಡಿಯ ಏಟು ಮಾಯ. ಹಿಂಭಾಗ ಮೇಲೆ ಬಂದಿದ್ದಕ್ಕೆ ಹೆಡ್‌ಲೈಟು ಸ್ವಲ್ಪ ತಗ್ಗಿ ನೋಡುತ್ತಿತ್ತು, ಅದನ್ನು ಎತ್ತಿದೆ.

ಖುಷಿಯಿಂದ 60 ಕಿಲೋಮೀಟರಿನ ರಸ್ತೆಗೆ ಹೋದೆ. 20 ಕಿಲೋಮೀಟರಿಗೇ ಕಿರುಬೆರಳು ಜೋಮು! ಮೊದಲು 35ಕ್ಕೆ ಬರುತ್ತಿದ್ದುದು.

ಗಾಡಿ ನಿಲ್ಲಿಸಿ ರಸ್ತೆ ಪಕ್ಕದಲ್ಲಿ ನಿಂತುಕೊಂಡೆ. ಹಿಂದಿನ ಸ್ಪ್ರಿಂಗ್ ಮುಟ್ಟಿದರೆ ಕೈಬೆರಳಿಗೆ ಏನಾಗಬೇಕು? ನೋಟ್‌ಬುಕ್ ತೆಗೆದು ಸುಮ್ನೆ ನೋಡುತ್ತಾ ನಿಂತೆ. ಪ್ಯಾಂಟು ಮೇಲೆಳೆದುಕೊಂಡೆ. ಆಗ ಹೊಳೆಯಿತು. ಗಾಡಿಯಿಂದ ಇಳಿದಾಗಲೆಲ್ಲ ಪ್ಯಾಂಟು ಮೇಲೆಳೆದುಕೊಳ್ಳುತ್ತೇನೆ. ಯಾಕೆ? ಓಡಿಸುವಾಗ ಹತ್ತು ನಿಮಿಷಕ್ಕೊಮ್ಮೆ ಸೀಟಿನಲ್ಲಿ ಹಿಂದಕ್ಕೆ ಸರಿದು ಕೂರುತ್ತೇನೆ. ಯಾಕೆ? ಮುಂದಕ್ಕೆ ಜಾರುತ್ತಿದ್ದೇನೆ. ಜಾರದ ಹಾಗೆ ತಡೆಯುತ್ತಿರೋದು ಯಾರು? ಅಂಗೈಯ ಬುಡ.

ಷೋರೂಮಿನಲ್ಲಿ ಜೀನ್ಸ್ ಹಾಕಿ, ನಿಂತ ಗಾಡಿ ಮೇಲೆ ಎರಡು ನಿಮಿಷ ಕೂತಿದ್ದೆ. ಜಾರೋಕೆ ಬ್ರೇಕೂ ಇರಲಿಲ್ಲ, ಹೊತ್ತೂ ಇರಲಿಲ್ಲ. ದೂರ ಹೋಗುವಾಗ ಹಾಕೋದು ನುಣುಪು ಬಟ್ಟೆಯ ರೈಡಿಂಗ್ ಪ್ಯಾಂಟು. ಮನೆಗೆ ಬಂದು ಸೀಟಿನ ಮೇಲೆ ಫೋನಿಟ್ಟು ವಾಟ ನೋಡಿದೆ. ಮುಂದಕ್ಕೆ 4 ಡಿಗ್ರಿ ಇಳಿಜಾರು. ನಾನು ಹಿಂಭಾಗವನ್ನು ಎತ್ತಿ ಅದಕ್ಕೆ ಇನ್ನಷ್ಟು ವಾಟ ಕೊಟ್ಟಿದ್ದೆ. ಲೆಕ್ಕ ಹಾಕಿದರೆ ಅರ್ಧ ಡಿಗ್ರಿ. ಅರ್ಧ ಡಿಗ್ರಿ ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ. ಕೂರುವ ಜಾಗದ ಉರಿಯೂ ಇದರದ್ದೇ. ಜಾರಿ ಜಾರಿ ಟ್ಯಾಂಕಿನ ಹತ್ತಿರ ಸೀಟು ಸಣ್ಣಗಿರುವ ಕಡೆ ಬಂದು ಕೂರುತ್ತಿದ್ದೆ. ಅಲ್ಲಿ ಕೂರುವ ಮೂಳೆಗಳಿಗೆ ಆಸರೆ ಇಲ್ಲ, ಭಾರ ಎಲ್ಲ ಬೇರೆ ಕಡೆ. ಆ ಸಣ್ಣ ಸೀಟು ಇಷ್ಟವಾಗಿಯೇ ಗಾಡಿ ಕೊಂಡಿದ್ದು, ಕಾಲು ನೆಲಕ್ಕೆ ಸಿಗುತ್ತೆ ಅಂತ.

ಸೀಟು ಬಿಚ್ಚಿ ತಿರುಗಿಸಿ ನೋಡಿದೆ. ಕೆಳಗೆ ನಾಲ್ಕು ಕಪ್ಪು ರಬ್ಬರ್ ಗುಬುಟುಗಳು, ಮುಂದೆ ಎರಡು, ಹಿಂದೆ ಎರಡು. ಅವು ಫ್ರೇಮಿನ ಮೇಲೆ ಕೂರುತ್ತವೆ. ಮುಂದಿನ ಎರಡರ ಬುಡಕ್ಕೆ 8 ಮಿಲಿಮೀಟರ್ ದಪ್ಪದ ರಬ್ಬರ್ ವಾಷರ್ ಕೊಟ್ಟೆ. ಸೀಟಿನ ಮುಂಭಾಗದ ನಾಲಿಗೆ ಟ್ಯಾಂಕಿನ ಕೆಳಗಿನ ಕೊಂಡಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತಾ, ಹಿಂದಿನ ಲಾಕು ಕ್ಲಿಕ್ ಅನ್ನುತ್ತಾ ಅಂತ ಹತ್ತು ಸಲ ಎಳೆದು ನೋಡಿದೆ. 8ರ ಬದಲು 12 ಹಾಕಿದಾಗ ನಾಲಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಓಡುವಾಗ ಸೀಟು ಕಳಚಿಕೊಂಡರೆ ಜೋಮೇ ವಾಸಿ ಅನ್ನಿಸುತ್ತೆ.

ಎರಡು ವಾಷರ್. ಒಂದು ಡಿಗ್ರಿಯೂ ಪೂರ್ತಿ ಬದಲಾಗಿರಲಿಲ್ಲ. 60 ಕಿಲೋಮೀಟರ್ ಹೋಗಿ ಬಂದೆ. ನೋಟ್‌ಬುಕ್‌ನಲ್ಲಿ ಬರೆಯೋಕೆ ಏನೂ ಇರಲಿಲ್ಲ. ನಂಬಿಕೆ ಬರದೆ ಮರುದಿನ 140 ಹೋದೆ. 110ರ ಹತ್ತಿರ ಕಿರುಬೆರಳು ಸ್ವಲ್ಪ ಚುಮುಚುಮು ಅಂತು, ಗಾಡಿ ನಿಲ್ಲಿಸಿ ಕೈ ಕೊಡವಿದೆ, ಹೋಯಿತು.

"ಸೀಟಿಗೆ ವಾಷರ್ ಹಾಕಿದ್ರೆ ಕೈ ಸರಿಹೋಯ್ತಾ?" ಅಂದಳು ಅಕ್ಕ.

"ಹೂಂ."

"ನಮ್ಮಲ್ಲೂ ಹಂಗೇ. ಮಂಡಿ ನೋವು ಅಂತ ಬರ್ತಾರೆ, ನೋಡಿದ್ರೆ ಸೊಂಟ."

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮಂಡಿ ಈಗಲೂ ಹಿಡಿದುಕೊಳ್ಳುತ್ತೆ. ಫುಟ್‌ರೆಸ್ಟ್ ಕೆಳಗಿಳಿಸುವ ಬ್ರ್ಯಾಕೆಟ್ ಸಿಗುತ್ತೆ, ಆದರೆ ತಿರುವಿನಲ್ಲಿ ವಾಲಿದಾಗ ಬೇಗ ನೆಲಕ್ಕೆ ಉಜ್ಜುತ್ತೆ. ನನಗೆ ಬೇಡ ಅನ್ನಿಸಿತು. ಅದರ ಬದಲು ಖಾಲಿ ನೇರ ರಸ್ತೆ ಸಿಕ್ಕಾಗ ಅರ್ಧ ನಿಮಿಷ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲುತ್ತೇನೆ. ಮುಂದಿನ ಗಾಳಿತಡೆ ಗಾಜನ್ನು ಕಿತ್ತಿಟ್ಟೆ. ಅದರ ಮೇಲಂಚಿನಿಂದ ಸುಳಿ ಎದ್ದ ಗಾಳಿ ನೆಟ್ಟಗೆ ಹೆಲ್ಮೆಟ್ಟಿಗೆ ಬಡಿದು ತಲೆ ಗಡಗಡ ಅನ್ನುತ್ತಿತ್ತು. ಗಾಜಿಲ್ಲದೆ ಗಾಳಿ ಜಾಸ್ತಿ, ಆದರೆ ಒಂದೇ ಸಮ ಬರುತ್ತೆ. ಕಿವಿಗೆ ಫೋಮಿನ ಬಿರಡೆ ಹಾಕಿಕೊಳ್ಳುವ ಅಭ್ಯಾಸ ಆಯ್ತು. ದಣಿವು ಅಂದುಕೊಂಡಿದ್ದರಲ್ಲಿ ಅರ್ಧ ಬರೀ ಸದ್ದು.

ಮೂರನೇ ಸರ್ವೀಸಿಗೆ ಬಿಟ್ಟು ಗಾಡಿ ವಾಪಸ್ ತಂದ ದಿನ, ಗೇಟು ದಾಟುವ ಮೊದಲೇ ಯಾರದ್ದೋ ಗಾಡಿ ಹತ್ತಿದ ಹಾಗಾಯ್ತು. ಲಿವರುಗಳು ನೆಲಕ್ಕೆ ಸಮ. ಬ್ರೇಕ್ ಲಿವರ್ ದೂರ. ಪ್ರೀಲೋಡ್ ಮತ್ತೆ ಎರಡನೇ ಮೆಟ್ಟಿಲು. ಯಾರೋ ಶ್ರದ್ಧೆಯಿಂದ ಎಲ್ಲವನ್ನೂ "ಸರಿ" ಮಾಡಿದ್ದರು. ಸೀಟಿನ ಕೆಳಗೆ ಕೈ ಹಾಕಿ ನೋಡಿದೆ. ವಾಷರ್ ಎರಡೂ ಇದ್ದವು, ಪುಣ್ಯ.

ಮನೆಗೆ ಬಂದು ನೋಟ್‌ಬುಕ್ ತೆರೆದೆ, ಪಾನಾ ತೆಗೆದೆ. 20 ನಿಮಿಷ ಹಿಡಿಯಿತು. ಆಮೇಲೆ ಮಗಳ ಪೆನ್ಸಿಲ್ ಡಬ್ಬಿಯಿಂದ ಬಿಳಿ ಪೇಂಟಿನ ಪೆನ್ನು ತಂದು, ಎರಡೂ ಲಿವರಿನ ಕ್ಲಾಂಪಿನಿಂದ ಹ್ಯಾಂಡಲ್ ಪೈಪಿನ ಮೇಲೆ ಹಾಯುವ ಹಾಗೆ ಒಂದೊಂದು ಸಣ್ಣ ಗೆರೆ ಎಳೆದೆ. ಪ್ರೀಲೋಡ್ ಉಂಗುರದ ಐದನೇ ಮೆಟ್ಟಿಲಿಗೆ ಒಂದು ಚುಕ್ಕೆ ಇಟ್ಟೆ.